ಅಕ್ಕನ ತೋಳು ಎರಡು ಇಂಚು ಲೂಸು

ಬ್ಲೌಸ್ ಹೊಲಿಯೋ ಅಂಗಡಿಯಲ್ಲಿ ವಾರಕ್ಕೆ ಒಂದಾದರೂ ತಮಾಷೆ ನಡೀತಾನೇ ಇರುತ್ತೆ. ನಡೀದಿದ್ದರೆ ಆ ವಾರ ನನಗೆ ಊಟ ಸೇರೋದಿಲ್ಲ.

ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮುಂದಿನ ರೂಮೇ ನನ್ನ ಅಂಗಡಿ. ಒಂದು ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಪರದೆ ಬಿಟ್ಟು ಮಾಡಿದ ಟ್ರಯಲ್ ರೂಮು. ಇಪ್ಪತ್ತೆರಡು ವರ್ಷದಿಂದ ಈ ಕ್ರಾಸಿನ ಹೆಂಗಸರ ಅಳತೆ ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಯಾರು ದಪ್ಪ ಆದರು, ಯಾರು ಇಳಿದರು, ಯಾರ ಭುಜ ಒಂದು ಕಡೆ ವಾಲಿತು, ಅವರ ಮನೆಯವರಿಗಿಂತ ಮುಂಚೆ ನನಗೆ ಗೊತ್ತಾಗುತ್ತೆ.

ಹೀಗೆ ಟೇಪು ಹಿಡಿದು ಹಿಡಿದು ನನಗೊಂದು ಕುತೂಹಲ ಹುಟ್ಟಿಕೊಂಡಿತು. ಒಂದು ಹುಕ್ಕನ್ನ ಅರ್ಧ ಇಂಚು ಜರುಗಿಸೋಕೆ ಮೂರು ಸಲ ಬಂದು ಹೋಗೋ ಹೆಂಗಸು ವರ್ಷಕ್ಕೊಂದು ಸಲ ರಕ್ತ ಪರೀಕ್ಷೆಗೆ ಯಾಕೆ ಹೋಗೋದಿಲ್ಲ? ಲ್ಯಾಬೇನು ದೂರ ಇಲ್ಲ, ನಮ್ಮ ರಸ್ತೆಯ ತುದಿಯಲ್ಲೇ ಇದೆ. ತರಕಾರಿಗೆ ಹೋಗುವಾಗ ಎಲ್ಲರೂ ಅದರ ಬೋರ್ಡು ಓದಿಕೊಂಡೇ ಹೋಗೋದು. ಓದೋರು ಒಳಗೆ ಹೋಗಲ್ಲ, ಅಷ್ಟೇ. ಬೈಯೋಕೆ ಹೊರಟವಳಲ್ಲ ನಾನು. ಬೈಯೋಕೆ ನನಗೆ ಅರ್ಹತೆಯೂ ಇಲ್ಲ, ಅದು ಮುಂದೆ ಗೊತ್ತಾಗುತ್ತೆ.

೧. ಹತ್ತು ವರ್ಷದ ಹಿಂದಿನ ಬ್ಲೌಸು

ಟೇಪು ಅಂದರೆ ಹೆಂಗಸರಿಗೆ ಒಂಥರಾ ಭಯ. ಅಳತೆ ತಗೋತೀನಿ ಬನ್ನಿ ಅಂದರೆ ಬರಲ್ಲ. ಬ್ಯಾಗಿನಿಂದ ಒಂದು ಹಳೇ ಬ್ಲೌಸು ತೆಗೆದು ಟೇಬಲ್ ಮೇಲಿಟ್ಟು, ಇದರ ಅಳತೆಗೇ ಹೊಲೀರಿ ಅಂತಾರೆ. ಆ ಅಳತೆ ಬ್ಲೌಸು ಯಾವ ಕಾಲದ್ದು ಅಂತ ಕೇಳಬಾರದು.

ನಮ್ಮ ಕ್ರಾಸಿನಲ್ಲಿ ಬ್ಯಾಂಕಿಗೆ ಹೋಗೋ ಒಬ್ಬ ಮೇಡಂ ಇದ್ದಾರೆ. ಒಳ್ಳೇ ಹೆಂಗಸು, ಮಾತು ಮೆತ್ತಗೆ. ಅವರು ಕೊಟ್ಟ ಅಳತೆ ಬ್ಲೌಸು ನೋಡಿದರೆ ಅದರ ಹೊಲಿಗೆ ನಂದೇ, ಆದರೆ ಆಗ ನನ್ನ ಹತ್ತಿರ ಕಾಲಲ್ಲಿ ತುಳಿಯೋ ಮೆಷಿನ್ ಇತ್ತು. ಅಂದರೆ ಕಮ್ಮಿ ಅಂದರೂ ಹತ್ತು ವರ್ಷ ಆಗಿದೆ. ಹೇಳಿದ ಹಾಗೇ ಹೊಲಿದು ಕೊಟ್ಟೆ. ಮಾರನೇ ದಿನ ಬಂದು, ಒಂದು ಹುಕ್ಕೂ ಅದರ ಕಾಜದ ಮುಖವನ್ನೇ ನೋಡ್ತಿಲ್ಲ, ಟೈಟ್ ಮಾಡಿಬಿಟ್ಟಿದ್ದೀರಿ ಅಂದರು. ಸಾಕಷ್ಟು ಬಟ್ಟೆ ಒಳಗೆ ಬಿಟ್ಟಿದ್ದೆ, ಅಲ್ಲೇ ಬಿಚ್ಚಿ ಕೊಟ್ಟೆ. ಇದು ನನ್ನ ಕಸುಬಿನ ಮಾಮೂಲಿ.

ಬಿಚ್ಚುವಾಗ ಮಾತಿಗೆ ಮಾತು ಬಂತು. ಡಾಕ್ಟರು ಥೈರಾಯ್ಡು, ಶುಗರ್ರು, ಕೊಲೆಸ್ಟ್ರಾಲು ಎಲ್ಲ ಒಂದು ಸಲ ನೋಡಿಸಿಬಿಡಿ ಅಂತ ಚೀಟಿ ಬರೆದು ಕೊಟ್ಟಿದ್ದರಂತೆ. ಅದಾಗಿ ಒಂದೂವರೆ ವರ್ಷ. ಯಾಕೆ ಹೋಗಿಲ್ಲ ಅಂತ ಕೇಳಿದೆ. ಸ್ವಲ್ಪ ಸಣ್ಣ ಆಗಿ ಹೋಗೋಣ ಅಂತ ಕಾಯ್ತಿದೀನಿ, ಈ ತೂಕದಲ್ಲಿ ಹೋದರೆ ಡಾಕ್ಟರ್ ಬೈತಾರೆ ಅಂದರು. ಅಂದರೆ ಮೊದಲು ಪೂರ್ತಿ ಗುಣ ಆಗಬೇಕು, ಆಮೇಲೆ ಕಾಯಿಲೆ ಇದೆಯಾ ಅಂತ ನೋಡಿಸಿಕೊಳ್ಳಬೇಕು.

ಇದೆಂಥ ಲೆಕ್ಕ ಮೇಡಂ, ಕೆಲಸದವಳು ಬರೋ ಮುಂಚೆ ನೀವೇ ಪಾತ್ರೆ ತೊಳೆದು ಇಡ್ತೀರಾ ಅಂತ ಕೇಳಿಬಿಟ್ಟೆ. ನಗ್ತಾರೆ ಅಂದುಕೊಂಡಿದ್ದೆ.

ಮೇಡಂ ಗಂಭೀರವಾಗಿ, "ಹೌದು, ತೊಳೆದೇ ಇಡೋದು. ಇಲ್ಲಾಂದ್ರೆ ಅವಳೇನಂದ್ಕೋತಾಳೆ?" ಅಂದರು.

೨. ಎರಡು ಇಂಚು

ಈಗ ಅಕ್ಕನ ವಿಷಯಕ್ಕೆ ಬರ್ತೀನಿ. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಅವರು ಮಹಡಿ ಮೇಲೆ, ನಾವು ಕೆಳಗೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ. ಟೈಲರಿಂಗ್ ಕ್ಲಾಸಿಗೆ ಸೇರಿಸಿದ್ದು ಅಕ್ಕ, ಫೀಸು ಕಟ್ಟಿದ್ದು ಅಕ್ಕ, ಮೊದಲ ಬ್ಲೌಸ್ ಕೆಡಿಸಿದಾಗ ಅದನ್ನೇ ಹಾಕ್ಕೊಂಡು ಮದುವೆಗೆ ಹೋಗಿ ಬಂದಿದ್ದೂ ಅಕ್ಕ.

ಆಷಾಢದ ಕೊನೇ ವಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಬ್ಲೌಸು ಬೇಕು, ಹಳೇವೆಲ್ಲ ಜೋತಾಡ್ತಿವೆ, ಅಳತೆ ತಗೋ ಅಂತ ಅಕ್ಕ ಕೆಳಗೆ ಬಂದರು. ತೋಳಿಗೆ ಟೇಪು ಸುತ್ತಿದೆ. ನೋಟ್‌ಬುಕ್ಕಿನಲ್ಲಿ ಹದಿಮೂರು ಇಂಚು, ಟೇಪಿನಲ್ಲಿ ಹನ್ನೊಂದು. ತಪ್ಪಾಗಿ ಹಿಡಿದೆನೇನೋ ಅಂತ ಇನ್ನೊಂದು ತೋಳು ನೋಡಿದೆ. ಅದೂ ಹನ್ನೊಂದು. ಅಕ್ಕ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ತಾ ಖುಷಿಯಾಗಿ ನಿಂತಿದ್ದರು.

ನಾನು ಮಾತ್ರ ಟೇಪು ಹಿಡಿದು ಸಪ್ಪಗೆ ನಿಂತೆ. ಯಾಕೆ ಅಂತ ಹೇಳ್ತೀನಿ. ನಮ್ಮ ಅತ್ತೆ ಹೀಗೇ ಸಣ್ಣ ಆಗಿದ್ದರು. ನೋಡಿದವರೆಲ್ಲ ಚೆನ್ನಾಗಿ ಕಾಣ್ತೀರಾ ಅಂತ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಹೊಸ ಚಪ್ಪಲಿ ಕಚ್ಚಿ ಕಾಲಲ್ಲಿ ಒಂದು ಗಾಯ ಆಯಿತು, ವಾಸಿಯಾಗಲಿಲ್ಲ. ಆಗ ತೋರಿಸಿದರೆ ಶುಗರ್ ಎಷ್ಟು ವರ್ಷದಿಂದ ಇತ್ತೋ ದೇವರಿಗೇ ಗೊತ್ತು ಅಂದರು ಡಾಕ್ಟರು. ಎರಡು ಬೆರಳು ತೆಗೆದರು. ದಿನಾ ಬೆಳಗ್ಗೆ ಅವರ ಕಾಲಿಗೆ ಡ್ರೆಸ್ಸಿಂಗ್ ಮಾಡಿದವರು ನಾವಿಬ್ಬರೇ, ಅಕ್ಕ ಕಾಲು ಹಿಡೀತಿದ್ದರು, ನಾನು ಗಾಯದ ಪಟ್ಟಿ ಬಿಚ್ಚುತ್ತಿದ್ದೆ. ಅದು ಅಕ್ಕನಿಗೆ ಬರಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಅಕ್ಕ, ನಾಳೆನೇ ಶುಗರ್ ಟೆಸ್ಟ್ ಮಾಡಿಸೋಣ ಅಂದೆ. ಆಗಲಿ, ಆಷಾಢ ಕಳೀಲಿ ಅಂದರು. ಆಷಾಢ ಕಳೀತು. ಶ್ರಾವಣದಲ್ಲಿ ಮನೆ ತುಂಬ ಹಬ್ಬ, ಸೂಜಿ ಚುಚ್ಚಿಸಿಕೊಂಡು ಕೂರೋಕಾಗುತ್ತಾ ಅಂದರು. ಗೌರಿ ಗಣೇಶ ಆಯಿತು. ಪಿತೃಪಕ್ಷ ಬಂತು, ಆ ಹದಿನೈದು ದಿನ ಹೊಸದೇನೂ ಶುರು ಮಾಡಬಾರದು ಅಂದರು. ನವರಾತ್ರಿಗೆ ಗೊಂಬೆ ಕೂರಿಸಬೇಕು. ಮಂಗಳವಾರ ಬೇಡ, ಶುಕ್ರವಾರ ಮನೆಯಿಂದ ರಕ್ತ ಹೊರಗೆ ಹೋಗಬಾರದು, ಶನಿವಾರ ಉಪವಾಸ.

ಉಪವಾಸ ಇದ್ದರೆ ಇನ್ನೂ ಒಳ್ಳೇದಲ್ಲವಾ, ಖಾಲಿ ಹೊಟ್ಟೆಯಲ್ಲೇ ಕೊಡಬೇಕಾದ್ದು ಅಂದೆ. ಉಪವಾಸದ ದಿನ ರಕ್ತ ಕೊಟ್ಟರೆ ಸುಸ್ತಾಗುತ್ತೆ ಅಂದರು. ನನಗೆ ರೇಗಿತು. ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಅವರ ಮುಂದೆ ಹರಡಿ, ಹನ್ನೆರಡು ತಿಂಗಳಲ್ಲಿ ರಕ್ತ ಕೊಡೋಕೆ ಅಂತ ಒಂದಾದರೂ ದಿನ ಇದೆಯಾ ತೋರಿಸಿ ಅಂದೆ.

ಅಕ್ಕ ಕನ್ನಡಕ ಹಾಕಿಕೊಂಡು ನಿಧಾನವಾಗಿ ಹುಡುಕಿದರು. ಆಮೇಲೆ ಹೇಳಿದರು, "ಇದೆ ಕಣೇ. ನೀನು ಹೇಳಿದ ದಿನಕ್ಕೆ ಸರಿಯಾಗಿ ಬ್ಲೌಸ್ ಕೊಡ್ತೀಯಲ್ಲ, ಆವತ್ತು."

೩. ಓದಿಕೊಂಡು ಹೋಗೋ ಪರೀಕ್ಷೆ

ನನ್ನ ಮಾತು ನಡೆಯಲ್ಲ ಅಂತ ಗೊತ್ತಾದ ಮೇಲೆ ಎದುರು ಮನೆ ಮೇಷ್ಟ್ರ ಹತ್ತಿರ ಹೋದೆ. ಹೈಸ್ಕೂಲಲ್ಲಿ ಗಣಿತ ಹೇಳಿ ರಿಟೈರ್ ಆದವರು. ಕ್ರಾಸಿನಲ್ಲಿ ಆರು ತಿಂಗಳಿಗೊಮ್ಮೆ ತಪ್ಪದೆ ಟೆಸ್ಟ್ ಮಾಡಿಸೋರು ಅವರೊಬ್ಬರೇ. ರಿಪೋರ್ಟು ಬಂದ ದಿನ ಗೇಟಿನ ಹತ್ತಿರ ನಿಂತು ಹೋಗೋ ಬರೋರಿಗೆಲ್ಲ ಓದಿ ಹೇಳ್ತಾರೆ. ಎಲ್ಲಾ ನಾರ್ಮಲ್. ಇಂಥವರು ಹೇಳಿದರೆ ಅಕ್ಕ ಕೇಳಬಹುದು ಅಂತ ನನ್ನ ಆಸೆ.

ಅವರೂ ಖುಷಿಯಿಂದ ಒಪ್ಪಿದರು. ಆದರೆ ಒಂದು ಹತ್ತು ದಿನ ತಡೀರಿ, ನನ್ನದೇ ಟೆಸ್ಟ್ ಇದೆ, ತಯಾರಿ ನಡೀತಾ ಇದೆ ಅಂದರು. ತಯಾರಿ ಅಂದರೆ ಏನು ಅಂತ ನನಗೆ ಕೆಟ್ಟ ಕುತೂಹಲ. ಮೆಷಿನ್ ಮುಂದೆ ಕೂತರೆ ಅವರ ಗೇಟು ನೇರ ಕಾಣುತ್ತೆ, ನೋಡ್ತಾ ಇದ್ದೆ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ವರೆಗೆ ನಡೆದು ಹೋಗಿ, ನಡೆದೇ ವಾಪಸ್. ಬಂದ ತಕ್ಷಣ ಹಾಗಲಕಾಯಿ ರಸ. ಮಧ್ಯಾಹ್ನ ಅನ್ನ ಇಲ್ಲ, ರಾಗಿಮುದ್ದೆ ಸೊಪ್ಪಿನ ಸಾರು. ಅವರ ಹೆಂಡತಿ ಹತ್ತು ದಿನದ ಮಟ್ಟಿಗೆ ಸಕ್ಕರೆ ಡಬ್ಬ ತಂದು ನನ್ನ ಅಂಗಡಿಯಲ್ಲಿ ಇಟ್ಟು ಹೋದರು. ಹನ್ನೊಂದನೇ ದಿನ ರಕ್ತ ಕೊಟ್ಟು ಬಂದರು, ಸಂಜೆ ರಿಪೋರ್ಟ್ ಬಂತು, ನಾರ್ಮಲ್. ಆವತ್ತೇ ಸಂಜೆ ಗಂಡ ಹೆಂಡತಿ ಹೋಟೆಲಿಗೆ ಹೋಗಿ ಪೂರಿ ಸಾಗು, ಒಂದು ಪ್ಲೇಟ್ ಬಾದಾಮಿ ಹಲ್ವ ತಿಂದು, ನನಗೂ ಒಂದಿಷ್ಟು ಕಟ್ಟಿಸಿಕೊಂಡು ಬಂದರು. ಸಕ್ಕರೆ ಡಬ್ಬ ಮನೆಗೆ ವಾಪಸ್ ಹೋಯಿತು.

ಹಲ್ವ ತಿನ್ನುತ್ತಾ ನಾನು ಕೇಳಿದೆ. ಮೇಷ್ಟ್ರೇ, ಹೀಗೆ ಮಾಡಿದರೆ ಗೊತ್ತಾಗೋದು ನಿಮ್ಮ ಶುಗರ್ ಅಲ್ಲ, ಹತ್ತು ದಿನದ ಹಾಗಲಕಾಯಿಯ ಶುಗರ್. ವರ್ಷವೆಲ್ಲ ಆಟ ಆಡಿ ಹಿಂದಿನ ದಿನ ಓದಿಕೊಂಡು ಬರೋ ಮಕ್ಕಳನ್ನ ನೀವು ಬೆಂಚ್ ಮೇಲೆ ನಿಲ್ಲಿಸಿ ಬೈತಿದ್ದಿರಂತಲ್ಲ.

ಮೇಷ್ಟ್ರು ಸ್ವಲ್ಪವೂ ಅಳುಕಲಿಲ್ಲ. "ಬೈತಿದ್ದೆ ನಿಜ ಕಣಮ್ಮ. ಆದ್ರೆ ಬೈದಿದ್ದು ಫೇಲಾದವರಿಗೆ ಮಾತ್ರ" ಅಂದರು.

೪. ಅರಿಶಿನ ಕುಂಕುಮದ ಕವರು

ಮೇಷ್ಟ್ರ ಕೈಲಿ ಅಕ್ಕನಿಗೆ ಹೇಳಿಸೋ ಆಸೆ ಅಲ್ಲಿಗೇ ಬಿಟ್ಟೆ. ಈ ಮಧ್ಯೆ ಬ್ಯಾಂಕ್ ಮೇಡಂ ಟೆಸ್ಟ್ ಮಾಡಿಸಿಕೊಂಡು ಬಂದುಬಿಟ್ಟರು. ಸಣ್ಣ ಆಗಿ ಅಲ್ಲ. ಬ್ಯಾಂಕಿನವರೇ ಲ್ಯಾಬಿನವರನ್ನ ಆಫೀಸಿಗೆ ಕರೆಸಿದ್ದರಂತೆ, ಸಾಲಲ್ಲಿ ನಿಂತಿದ್ದಾಗ ಹಿಂದಿನವರು ತಳ್ಳಿದರು, ಇವರು ಕುರ್ಚಿಯಲ್ಲಿ ಕೂತರು, ಆಗಿಹೋಯಿತು. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಆ ವಾರ ಅವರ ಎರಡು ಸೀರೆಗೆ ಫಾಲ್ ಪುಕ್ಕಟೆ ಹಾಕಿಕೊಟ್ಟೆ.

ದಸರೆಯಲ್ಲಿ ಗೊಂಬೆ ನೋಡೋಕೆ ಅವರ ಮನೆಗೆ ಹೋಗಿದ್ದೆ. ಅರಿಶಿನ ಕುಂಕುಮ ತಗೊಳ್ಳುವಾಗ ದೇವರ ಮುಂದೆ ಒಂದು ಉದ್ದನೇ ಬಿಳೀ ಕವರು ಕಾಣಿಸ್ತು. ನಾಲ್ಕು ಮೂಲೆಗೂ ಅರಿಶಿನ, ನಡುವೆ ಕುಂಕುಮ, ಮೇಲೊಂದು ಒಣಗಿದ ಸೇವಂತಿಗೆ. ಓಹೋ, ಮಗಳ ಮದುವೆ ಗೊತ್ತಾಯ್ತಾ, ಮೊದಲ ಪತ್ರಿಕೆ ದೇವರಿಗೆ ಇಟ್ಟಿದ್ದೀರಾ ಅಂತ ಕೇಳಿದೆ. ಮೇಡಂ ಮುಖ ಕೆಂಪಗಾಯಿತು. ಅದು ಲ್ಯಾಬಿನ ರಿಪೋರ್ಟು. ಬಂದು ಎರಡು ತಿಂಗಳಾಗಿತ್ತು. ಅಂಟಿಸಿದ ಗೋಂದು ಹಾಗೇ ಇತ್ತು.

ಫೋನಿಗೂ ಬಂದಿರಬೇಕಲ್ಲ ಅಂದೆ. ಬಂದಿತ್ತಂತೆ. ಕಣ್ಣಿಗೆ ಬೀಳದ ಹಾಗೆ ಆ ಮೆಸೇಜನ್ನ ಮಗಳ ಕೈಲಿ ಎಲ್ಲೋ ಒಳಗೆ ತಳ್ಳಿಸಿದ್ದಾರಂತೆ. ಅದು ಎಲ್ಲಿ ಹೋಯಿತು ಅಂತ ಈಗ ಇವರಿಗೂ ಗೊತ್ತಿಲ್ಲ.

ಒಂದು ಒಳ್ಳೇ ದಿನ ನೋಡಿ ತೆಗೆಯೋಣ ಅಂತ ಇಟ್ಟಿದ್ದೀನಿ ಅಂದರು. ಸರಿ ಮೇಡಂ, ನೀವು ತೆಗೀಬೇಡಿ, ಹಾಗೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿಬಿಡಬಹುದಲ್ಲ ಅಂತ ಕೇಳಿದೆ.

ಮೇಡಂ ದೇವರ ಕಡೆ ಕೈ ತೋರಿಸಿ, "ಅವರಿಗಿಂತ ದೊಡ್ಡೋರಿಗೆ ತೋರಿಸಿ ಆಯ್ತಲ್ಲ" ಅಂದರು.

ಇದನ್ನ ನಗ್ತಾ ನಗ್ತಾ ಅಕ್ಕನಿಗೆ ಹೇಳಿದೆ. ಅಕ್ಕ ನಗಲಿಲ್ಲ. ಆಕೆ ರಕ್ತನಾದರೂ ಕೊಟ್ಟು ಬಂದಳು, ಕೊಡದೇ ಇರೋರಿಗಿಂತ ಮೇಲು ಅಂತ ಹೇಳಿ ನನ್ನ ಮುಖವನ್ನೇ ನೋಡಿದರು. ತಮ್ಮ ತಪ್ಪು ತಾವೇ ಒಪ್ಪಿಕೊಳ್ತಾ ಇದ್ದಾರೆ ಅಂತ ನಾನು ಒಳಗೊಳಗೇ ಬೀಗಿದೆ. ಎರಡು ದಿನ ಬಿಟ್ಟು ಮೇಡಂ ಮನೆಗೆ ಹೋಗಿ ಆ ಕವರು ಒಡೆಸಿದವರೂ ಅಕ್ಕನೇ. ಥೈರಾಯ್ಡ್ ಸ್ವಲ್ಪ ಹೆಚ್ಚಿತ್ತು, ಈಗ ದಿನಾ ಒಂದು ಮಾತ್ರೆ.

೫. ಪ್ರಸಾದ ಊಟ ಅಲ್ಲ

ಬೇರೆಯವರ ಕವರು ಒಡೆಸೋ ಅಕ್ಕ ತಾವು ಮಾತ್ರ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಅವರು ಲ್ಯಾಬಿಗೆ ಬರದಿದ್ದರೆ ಲ್ಯಾಬೇ ಅವರ ಹತ್ತಿರ ಬರಲಿ ಅಂತ ತೀರ್ಮಾನ ಮಾಡಿದೆ. ರಸ್ತೆ ತುದಿಯ ಲ್ಯಾಬಿನಲ್ಲಿ ರಕ್ತ ತೆಗೆಯೋ ಹೆಂಗಸು ನನ್ನ ಗಿರಾಕಿನೇ, ಎಲ್ಲರೂ ಲ್ಯಾಬಿನಮ್ಮ ಅಂತಲೇ ಕರೆಯೋದು. ಭಾನುವಾರ ಬೆಳಗ್ಗೆ ಆರೂವರೆಗೆ ಮನೆಗೇ ಬಂದು ರಕ್ತ ತಗೊಂಡು ಹೋಗಬೇಕು ಅಂತ ಮಾತಾಡಿದೆ. ಹಿಂದಿನ ದಿನವೇ ಅಕ್ಕನಿಗೆ ಹತ್ತು ಸಲ ಹೇಳಿದೆ. ಊಟ ಆದ ಮೇಲೆ ಏನೂ ತಿನ್ನಬಾರದು, ಬೆಳಗ್ಗೆ ಕಾಫಿ ಕುಡೀಬಾರದು, ನೀರು ಬೇಕಾದರೆ ಕುಡೀರಿ. ಅಕ್ಕ ಹತ್ತು ಸಲವೂ ತಲೆ ಆಡಿಸಿದರು.

ಲ್ಯಾಬಿನಮ್ಮ ಸರಿಯಾದ ಟೈಮಿಗೆ ಬಂದರು. ಇಬ್ಬರೂ ಮಹಡಿ ಹತ್ತಿದೆವು. ಅಕ್ಕ ತಲೆಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಕುರ್ಚಿ ಹಾಕಿಕೊಂಡು ತೋಳು ಚಾಚಿ ಕೂತೇ ಇದ್ದರು. ನನಗೆ ನಂಬೋಕೇ ಆಗಲಿಲ್ಲ. ಲ್ಯಾಬಿನಮ್ಮ ಪೆಟ್ಟಿಗೆ ಬಿಚ್ಚಿ, ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಸ್ಪಿರಿಟ್ ಹಚ್ಚಿ, ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ ಅಂತ ಕೇಳಿದರು. ಏನೂ ಇಲ್ಲ ಅಂದರು ಅಕ್ಕ. ಕಾಫಿ? ಇಲ್ಲ. ಬಿಸ್ಕತ್ತು? ಇಲ್ಲ. ಲ್ಯಾಬಿನಮ್ಮ ಸೂಜಿಯ ಮುಚ್ಚಳ ತೆಗೆದರು.

ಪ್ರಸಾದ ಒಂದು ತಗೊಂಡೆ ಅಂದರು ಅಕ್ಕ.

ಪ್ರಸಾದ ಅಂದರೆ ಏನು ಅಂತ ವಿಚಾರಿಸಿದರೆ ಬಾಳೆಹಣ್ಣಿನ ರಸಾಯನ. ಬಾಳೆಹಣ್ಣು, ಬೆಲ್ಲ, ಜೇನುತುಪ್ಪ, ಕಾಯಿತುರಿ, ಮೇಲೆ ದ್ರಾಕ್ಷಿ. ಎಷ್ಟು ತಗೊಂಡ್ರಿ ಅಂದರೆ ಒಂದು ಬಟ್ಟಲು. ಲ್ಯಾಬಿನಮ್ಮ ಸೂಜಿಗೆ ಮತ್ತೆ ಮುಚ್ಚಳ ಹಾಕಿದರು. ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಏನೂ ತಿನ್ನಬೇಡಿ ಅಂತ ಹತ್ತು ಸಲ ಹೇಳಿರಲಿಲ್ಲವಾ ಅಂದರೆ, ಅದು ಊಟಕ್ಕೆ ಹೇಳಿದ್ದು, ದೇವರದ್ದು ಲೆಕ್ಕಕ್ಕೆ ಬರಲ್ಲ ಅಂತ ಅಕ್ಕ ತಣ್ಣಗೆ ಹೇಳಿದರು.

ಲ್ಯಾಬಿನಮ್ಮ ಪಾಪ, ಇಷ್ಟು ಹೊತ್ತಿಗೆ ಎದ್ದು ಬಂದಿದ್ದು ದಂಡ ಆಗಬಾರದು ಅಂತಲೋ ಏನೋ, ನನ್ನ ಕಡೆ ತಿರುಗಿ, ನೀವು ಖಾಲಿ ಹೊಟ್ಟೆಯಲ್ಲಿದ್ದೀರಾ, ನಿಮ್ಮದಾದರೂ ತಗೊಂಡು ಹೋಗ್ತೀನಿ ಅಂದರು.

ಈಗ ನಾನು ನಿಜ ಹೇಳಲೇಬೇಕು. ನನ್ನ ಹೆತ್ತ ತಾಯಿಗೂ ಶುಗರ್ ಇತ್ತು. ಕೊನೆಗೆ ಕಣ್ಣು ಮಂಜಾಗಿ, ನಾನು ಹೊಲಿದ ಸೀರೆ ಬಾರ್ಡರನ್ನ ಕೈಯಲ್ಲಿ ಸವರಿ ನೋಡ್ತಿದ್ದರು. ನಿಮ್ಮ ತಾಯಿಗೆ ಇದ್ದರೆ ನೀವು ವರ್ಷಕ್ಕೊಂದು ಸಲ ನೋಡಿಸಿಕೊಳ್ಳಲೇಬೇಕು ಅಂತ ಡಾಕ್ಟರು ನನಗೆ ಹೇಳಿ ನಾಲ್ಕು ವರ್ಷ ಆಗಿತ್ತು. ಒಂದು ಸಲವೂ ಹೋಗಿರಲಿಲ್ಲ. ಸೀಸನ್ನು, ಆರ್ಡರ್ರು, ಹಬ್ಬ ಅಂತ ಹೇಳಿಕೊಂಡು ತಿರುಗ್ತಿದ್ದೆ. ಕಣ್ಣು ಹೋದರೆ ನನ್ನ ಕಸುಬೇ ಹೋಗುತ್ತೆ, ಆ ಸುದ್ದಿ ನನ್ನ ಕಿವಿಗೆ ಬೀಳೋದೇ ಬೇಡ ಅನ್ನೋ ಹೆದರಿಕೆ. ಕ್ರಾಸಿನವರಿಗೆಲ್ಲ ಉಪದೇಶ ಮಾಡೋ ನಾನು ಒಳಗೆ ಇಷ್ಟು ಪುಕ್ಕಲಿ.

ಆವತ್ತು ನಾನು ನಿಜವಾಗಲೂ ಖಾಲಿ ಹೊಟ್ಟೆಯಲ್ಲಿದ್ದೆ. ಅಕ್ಕನ ಗಡಿಬಿಡಿಯಲ್ಲಿ ಒಂದು ತೊಟ್ಟು ಕಾಫಿಯೂ ಕುಡಿದಿರಲಿಲ್ಲ.

"ಈಗ್ತಾನೆ ನಾಲ್ಕು ಇಡ್ಲಿ ತಿಂದೆ" ಅಂದೆ. ನಾಲ್ಕು ಅಂತ ಯಾಕೆ ಹೇಳಿದೆನೋ, ಇವತ್ತಿಗೂ ನನಗೆ ಕುತೂಹಲ.

೬. ತೋಳಿಲ್ಲದ ಬ್ಲೌಸು

ಕಾರ್ತಿಕದಲ್ಲಿ ಅಕ್ಕನ ತಮ್ಮ ಬ್ಯಾಡರಹಳ್ಳಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ಅಕ್ಕನಿಗೆ ಗಿಳಿಹಸಿರು ಬಣ್ಣದ ರೇಷ್ಮೆ ಸೀರೆ ಬಂತು, ಬ್ಲೌಸ್ ಪೀಸು ನನ್ನ ಕೈಗೆ ಬಂತು. ನನಗೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ ಅನ್ನಿಸ್ತು. ಬೆನ್ನು, ಮುಂಭಾಗ ಎಲ್ಲ ಹೊಲಿದು ಮುಗಿಸಿದೆ. ತೋಳು ಮಾತ್ರ ಹಚ್ಚಲಿಲ್ಲ. ಲ್ಯಾಬಿನ ಚೀಟಿ ತಂದು ಟೇಬಲ್ ಮೇಲಿಟ್ಟ ದಿನ ತೋಳು ಹಚ್ಚೋದು, ಇಲ್ಲದಿದ್ದರೆ ಹೀಗೇ ಹಾಕಿಕೊಂಡು ತಮ್ಮನ ಮನೆಗೆ ಹೋಗಿ ಬನ್ನಿ ಅಂತ ಹೇಳಿಬಿಟ್ಟೆ.

ಜಗಳ ಆಗುತ್ತೆ ಅಂದುಕೊಂಡಿದ್ದೆ. ಅಕ್ಕ ಆ ಬ್ಲೌಸನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ಆಗಲಿ, ನಾಡಿದ್ದು ಸೋಮವಾರ ಹೋಗೋಣ, ಆದರೆ ನನಗೊಬ್ಬಳಿಗೇ ಭಯ ಆಗುತ್ತೆ, ನೀನೂ ಚುಚ್ಚಿಸಿಕೊಂಡರೆ ನಾನೂ ಚುಚ್ಚಿಸಿಕೊಳ್ತೀನಿ ಅಂದರು. ನಾನು ಸಿಕ್ಕಿಹಾಕಿಕೊಂಡೆ. ಇಲ್ಲ ಅಂದರೆ ಇಷ್ಟು ತಿಂಗಳ ಶ್ರಮ ನೀರಲ್ಲಿ ಹೋಗುತ್ತೆ. ಅತ್ತೆಯ ಕಾಲು ಕಣ್ಣ ಮುಂದೆ ಬಂತು. ಹೂಂ ಅಂದೆ. ಅಕ್ಕನ ರಕ್ತ ತೆಗೆದು ಮುಗಿದ ತಕ್ಷಣ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿಲ್ಲ ಅಂತ ಓಡಿ ಬರೋದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಸೋಮವಾರ ಬೆಳಗ್ಗೆ ಏಳಕ್ಕೆ ಇಬ್ಬರೂ ಲ್ಯಾಬಿನಲ್ಲಿದ್ದೆವು. ದಾರಿಯುದ್ದಕ್ಕೂ ನಾನು ಅಕ್ಕನಿಗೆ ಧೈರ್ಯ ಹೇಳ್ತಿದ್ದೆ. ಇರುವೆ ಕಚ್ಚಿದ ಹಾಗಾಗುತ್ತೆ, ಬೇರೆ ಕಡೆ ನೋಡಿ ಅಂತೆಲ್ಲ. ಒಳಗೆ ಹೋದರೆ ಅಕ್ಕ ಯಾರನ್ನೂ ಕೇಳದೆ ನೇರವಾಗಿ ಪರದೆ ಸರಿಸಿ, ಕುರ್ಚಿಯಲ್ಲಿ ಕೂತು, ಎಡಗೈ ತೋಳು ಮೇಲೆ ಸರಿಸಿದರು.

ಲ್ಯಾಬಿನಮ್ಮ ನಗುತ್ತಾ, "ಮೂರು ತಿಂಗಳು ಆಗಿಹೋಯ್ತಾ ಅಮ್ಮ? ಎಡಗೈಯೇ ತಾನೆ, ಯಾವಾಗಲಿನ ಥರ?" ಅಂದರು.

ನಾನು ಇಬ್ಬರ ಮುಖವನ್ನೂ ನೋಡಿದೆ. ಅಕ್ಕ ಸೀರೆ ಸೆರಗಿನ ಗಂಟಿನಿಂದ ಮಡಚಿದ ಚೀಟಿ ತೆಗೆದು ಲ್ಯಾಬಿನಮ್ಮನ ಕೈಗೆ ಕೊಟ್ಟರು. ಹಳೇ ರಿಪೋರ್ಟು, ಮಡಚಿ ಮಡಚಿ ಅಂಚು ಸವೆದುಹೋಗಿತ್ತು. ಅದರ ಮೇಲೆ ಅಕ್ಕನ ಹೆಸರೇ ಇತ್ತು. ಕೇಳಿದರೆ ಒಂದೊಂದೇ ಹೊರಗೆ ಬಂತು. ಸಂಕ್ರಾಂತಿ ಕಳೆದ ವಾರವೇ ಅವರು ಒಬ್ಬರೇ ಬಂದು ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಶುಗರ್ ಇದೆ ಅಂತ ಗೊತ್ತಾಗಿದೆ. ಡಾಕ್ಟರ ಹತ್ತಿರ ಹೋಗಿದ್ದಾರೆ, ಮಾತ್ರೆ ತಗೋತಿದ್ದಾರೆ, ಮೂರು ತಿಂಗಳಿಗೊಂದು ಸಲ ತಪ್ಪದೆ ಬಂದು ರಕ್ತ ಕೊಡ್ತಿದ್ದಾರೆ. ಮಾತ್ರೆ ಇರೋದು ಅಡುಗೆಮನೆಯ ಮೆಂತ್ಯದ ಡಬ್ಬದಲ್ಲಿ. ಬೆಳಗ್ಗೆ ದೇವಸ್ಥಾನ ಅಂತ ಹೋಗ್ತಿದ್ದದ್ದು ಪಾರ್ಕಿನಲ್ಲಿ ಆರು ಸುತ್ತು ನಡೆಯೋಕೆ. ಆ ಎರಡು ಇಂಚು ಹೋಗಿದ್ದು ನಡೆದು, ಸಕ್ಕರೆ ಬಿಟ್ಟು, ಡಾಕ್ಟರು ಹೇಳಿದ ಹಾಗೆ ಕೇಳಿ. ರಸಾಯನ ಸುಳ್ಳು, ಆವತ್ತು ಅವರು ಬರೀ ನೀರು ಕುಡಿದಿದ್ದರು. ನನ್ನ ರಕ್ತ ತೆಗೆಸೋಕೆ ಅಂತ ಲ್ಯಾಬಿನಮ್ಮನ ಜೊತೆ ಸೇರಿ ಆಡಿದ ಆಟ ಅದು.

ಆ ರಿಪೋರ್ಟು ಇಸಕೊಂಡು ತಾರೀಕು ಎರಡು ಸಲ ಓದಿದೆ. ಆಮೇಲೆ ಬಾಯಿ ಬಿಟ್ಟೆ. ಇಷ್ಟು ತಿಂಗಳಿಂದ ನಾನು ನಿದ್ದೆಗೆಟ್ಟು ನಿಮ್ಮ ಹಿಂದೆ ಸುತ್ತಿದೆನಲ್ಲ, ಒಂದು ಮಾತು ಹೇಳೋಕೆ ಆಗಲಿಲ್ಲವಾ ಅಂತ ಲ್ಯಾಬು ಅನ್ನೋದನ್ನೂ ಮರೆತು ಜೋರು ಮಾಡಿದೆ.

"ನಿನಗೆ ಹೇಳಿದ್ರೆ ಸಂಜೆ ಹೊತ್ತಿಗೆ ಕ್ರಾಸಿಗೆಲ್ಲ ಗೊತ್ತಾಗುತ್ತೆ, ಅದೊಂದು. ಇನ್ನೊಂದು ಕೇಳು" ಅಂದರು ಅಕ್ಕ. "ನಿಮ್ಮಮ್ಮನಿಗೂ ಇತ್ತು. ನೀನು ನಾಲ್ಕು ವರ್ಷದಿಂದ ತಪ್ಪಿಸ್ಕೊಂಡು ತಿರುಗ್ತಿದೀಯ. ಬಾ ಅಂದಿದ್ರೆ ಬರ್ತಿದ್ದಾ? ಆವತ್ತು ಟೇಪ್ ಹಿಡ್ಕೊಂಡು ಮುಖ ಸಪ್ಪಗೆ ಮಾಡಿದೆ ನೋಡು, ಆಗಲೇ ಅಂದ್ಕೊಂಡೆ, ಇವಳು ತನಗೋಸ್ಕರ ಬರೋಳಲ್ಲ, ನನಗೋಸ್ಕರ ಬರ್ತಾಳೆ ಅಂತ."

ಆಮೇಲೆ ದನಿ ಇಳಿಸಿ ಹೇಳಿದರು, "ಅತ್ತೆ ಕಾಲಿಗೆ ನಾವಿಬ್ರು ಇದ್ವಿ ಕಣೇ. ನಿನಗೆ ಹಾಗಾದ್ರೆ ನಾನೊಬ್ಳೇ ಏನು ಮಾಡ್ಲಿ?"

ನನಗೆ ಅಳು ತಡೆಯೋಕಾಗಲಿಲ್ಲ. ಪರದೆ ಹಿಂದೆ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಹೊರಗೆ ಕಾಯುತ್ತಾ ಕೂತಿದ್ದವರೊಬ್ಬರು ನನ್ನ ಅಳು ಕೇಳಿ, ಇಲ್ಲಿ ತುಂಬ ನೋವು ಮಾಡ್ತಾರೆ ಅನ್ಸುತ್ತೆ ಅಂತ ಎದ್ದೇ ಹೋದರಂತೆ. ಅವರನ್ನ ಲ್ಯಾಬಿನಮ್ಮ ಗೇಟಿನವರೆಗೂ ಹೋಗಿ ಕರಕೊಂಡು ಬರಬೇಕಾಯಿತು. ಬಂದವರು ನನ್ನನ್ನ ನೋಡಿ, ಚುಚ್ಚಿ ಆಯ್ತಾ ಅಂತ ಕೇಳಿದರು. ಇನ್ನೂ ಶುರುವೇ ಆಗಿಲ್ಲ ಅಂದರು ಅಕ್ಕ. ಇಸ್ತ್ರಿ ಪೆಟ್ಟಿಗೆಯ ವಿಷಯ ನಾನು ಎತ್ತಲೇ ಇಲ್ಲ. ಕೂತೆ, ಕೈ ಚಾಚಿದೆ, ಅಕ್ಕ ಇನ್ನೊಂದು ಕೈ ಹಿಡಿದುಕೊಂಡರು. ನಾಲ್ಕು ವರ್ಷ ಮುಂದೂಡಿದ್ದು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಮಧ್ಯಾಹ್ನ ರಿಪೋರ್ಟು ಬಂತು. ದೇವರ ಮುಂದೆ ಇಡೋಕೆ ಅಕ್ಕ ಬಿಡಲಿಲ್ಲ, ನೇರ ಡಾಕ್ಟರ ಹತ್ತಿರ ಎಳಕೊಂಡು ಹೋದರು. ಶುಗರ್ ಈಗಷ್ಟೇ ಮೇಲೇರೋಕೆ ಶುರುವಾಗಿದೆ, ಒಳ್ಳೇ ಸಮಯಕ್ಕೆ ಬಂದಿದ್ದೀರಿ, ಸದ್ಯಕ್ಕೆ ಮಾತ್ರೆ ಬೇಡ, ತಿನ್ನೋದರಲ್ಲಿ ಹಿಡಿತ ಇರಲಿ, ದಿನಾ ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರು. ಕಣ್ಣೂ ನೋಡಿಸಿದೆ, ಏನೂ ತೊಂದರೆ ಇಲ್ಲ. ಮನೆಗೆ ಬಂದು ಮೊದಲು ಮಾಡಿದ ಕೆಲಸ ಆ ಗಿಳಿಹಸಿರು ಬ್ಲೌಸಿಗೆ ತೋಳು ಹಚ್ಚಿದ್ದು.

ಮಾರನೇ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆದೆ. ಎದುರು ಮನೆ ಮೇಷ್ಟ್ರು ಒಂದು ಲೋಟ ಹಾಗಲಕಾಯಿ ರಸ ಹಿಡಿದು ನಿಂತಿದ್ದರು. ಕುಡಿಯೋವರೆಗೂ ಕದಲಲಿಲ್ಲ. ಬ್ಯಾಂಕ್ ಮೇಡಂ ಬಂದವರು ಪೇಡದ ಡಬ್ಬ ತೆಗೆದು, ನನ್ನ ಮುಖ ನೋಡಿ, ಅಯ್ಯೋ ಮರೆತೇಹೋಗಿತ್ತು ಅಂತ ವಾಪಸ್ ಬ್ಯಾಗಿಗೆ ಹಾಕಿಕೊಂಡರು. ಹನ್ನೊಂದು ಗಂಟೆಗೆ ದಿನಾ ನನಗೆ ಸ್ಟ್ರಾಂಗ್ ಕಾಫಿ ಕಳಿಸೋ ಪಕ್ಕದ ಮನೆಯವರು ಆವತ್ತು ಮಜ್ಜಿಗೆ ಕಳಿಸಿದರು. ಸಂಜೆ ಹೂ ಮಾರೋ ಆಕೆ ಮಲ್ಲಿಗೆ ಅಳೆಯುತ್ತಾ, ಪಾರ್ಕಿನಲ್ಲಿ ಎಷ್ಟು ಸುತ್ತು ಆಯ್ತಮ್ಮ ಅಂತ ವಿಚಾರಿಸಿದಳು. ಇಪ್ಪತ್ನಾಲ್ಕು ಗಂಟೆ ಆಗಿರಲಿಲ್ಲ, ನನ್ನ ಶುಗರ್ ವಿಷಯ ಗೊತ್ತಿಲ್ಲದ ಒಂದು ಮನೆಯೂ ಕ್ರಾಸಿನಲ್ಲಿ ಉಳಿದಿರಲಿಲ್ಲ.

ದಡದಡ ಅಂತ ಮಹಡಿ ಹತ್ತಿದೆ. ಅಕ್ಕ ಸೊಪ್ಪು ಬಿಡಿಸ್ತಾ ಕೂತಿದ್ದರು. ನಿಮ್ಮದನ್ನ ಹತ್ತು ತಿಂಗಳು ಮೆಂತ್ಯದ ಡಬ್ಬದಲ್ಲಿ ಮುಚ್ಚಿಟ್ಟಿರಿ, ನನ್ನದನ್ನ ಒಂದು ದಿನವೂ ತಡೆಯೋಕಾಗದೆ ಊರಿಗೆಲ್ಲ ಸಾರಿ ಬಂದಿರಾ, ಇದು ನ್ಯಾಯನಾ ಅಂತ ಕೇಳಿದೆ.

ಅಕ್ಕ ಸೊಪ್ಪಿನಿಂದ ತಲೆ ಎತ್ತಲೂ ಇಲ್ಲ.

"ನನ್ನನ್ನ ಕಾಯೋಕೆ ನಾನೊಬ್ಳು ಸಾಕು ಕಣೇ" ಅಂದರು. "ನಿನ್ನನ್ನ ಕಾಯೋಕೆ ಇಡೀ ಕ್ರಾಸೇ ಬೇಕು."